ಯುಪಿಎಸ್ ಬ್ಯಾಟರಿಯಲ್ಲಿ ಉಳಿದಿರುವುದೆಷ್ಟು?

ಕರೆಂಟು ಹೋದಾಗ ನಾಲ್ಕು ಗಂಟೆ ಫ್ಯಾನು ತಿರುಗಿಸುತ್ತಿದ್ದ ಬ್ಯಾಟರಿ ಈಗ ಒಂದೇ ಗಂಟೆಗೆ ಕೈಕೊಡುತ್ತದೆ. ಮೀಟರ್ ಹಿಡಿದರೆ ವೋಲ್ಟೇಜ್ ಸರಿಯಾಗಿದೆ, ಯುಪಿಎಸ್‌ನ ದೀಪವೂ ಚಾರ್ಜ್ ಪೂರ್ತಿ ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ಕೆರೆ ತುಂಬಿದೆಯೇ ಎಂಬುದು ಒಂದು ಪ್ರಶ್ನೆ, ಎಷ್ಟು ನೀರು ಹಿಡಿಯುತ್ತದೆ ಎಂಬುದು ಇನ್ನೊಂದು.

ಡೀಪ್ ಸೈಕಲ್ ಬ್ಯಾಟರಿ

ಕಾರಿನ ಬ್ಯಾಟರಿ ಕೆಲವೇ ಸೆಕೆಂಡು ಭಾರಿ ಕರೆಂಟ್ ಕೊಟ್ಟು ಎಂಜಿನ್ ಎಬ್ಬಿಸಿ ಸುಮ್ಮನಾಗುತ್ತದೆ. ಡೀಪ್ ಸೈಕಲ್ ಬ್ಯಾಟರಿ ಗಂಟೆಗಟ್ಟಲೆ ಸಣ್ಣ ಕರೆಂಟ್ ಕೊಟ್ಟು, ಬಹುಪಾಲು ಖಾಲಿಯಾಗಿ, ಮತ್ತೆ ತುಂಬಿಕೊಳ್ಳಲೆಂದೇ ಮಾಡಿದ್ದು. ಮನೆಯ ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಈ ಜಾತಿಯದು. ಅದರ ಮೈಮೇಲಿನ ‘150 ಎಎಚ್, ಸಿ20’ ಎಂಬ ಬರಹದ ಅರ್ಥ: ಹೊಸದರಲ್ಲಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, 7.5 ಆಂಪಿಯರ್‌ನಂತೆ 20 ಗಂಟೆ ಕೊಡಬಲ್ಲದು.

ಹೂಳು ಎಲ್ಲಿಂದ?

ಬ್ಯಾಟರಿ ಖಾಲಿಯಾಗುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಆದಾಗ ಕರಗುತ್ತದೆ. ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಅದೇ ಸಲ್ಫೇಟ್ ಗಟ್ಟಿ ಹರಳಾಗಿ ಅಂಟಿಕೊಳ್ಳುತ್ತದೆ. ಪಾಸಿಟಿವ್ ಪ್ಲೇಟಿನ ಪುಡಿ ಉದುರಿ ತಳ ಸೇರುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕದೆ ಪ್ಲೇಟಿನ ತಲೆ ಒಣಗಿದರೆ ಆ ಭಾಗವೂ ಕೆಲಸಕ್ಕಿಲ್ಲ.

ಮೊದಲ ಎರಡು ಪರೀಕ್ಷೆ

ಪೂರ್ತಿ ಚಾರ್ಜ್ ಮಾಡಿ, ವೈರು ಬಿಚ್ಚಿ, ಐದಾರು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಟ್ಯೂಬುಲರ್ ಬ್ಯಾಟರಿ ಸುಮಾರು 12.5 ವೋಲ್ಟ್ ತೋರಿಸಬೇಕು. ಚಾರ್ಜರ್ ತೆಗೆದ ಕೂಡಲೇ ಕಾಣುವ 13ಕ್ಕೆ ಮರುಳಾಗಬೇಡಿ.

ಆಮೇಲೆ ಆರೂ ಸೆಲ್‌ಗಳ ಆಸಿಡ್ ಸಾಂದ್ರತೆಯನ್ನು ಹೈಡ್ರೋಮೀಟರಿನಲ್ಲಿ ನೋಡಿ. ಸುಮಾರು 1.240 ಇದ್ದರೆ ಚಾರ್ಜ್ ಪೂರ್ತಿ. ಐದರಲ್ಲಿ 1.240 ಇದ್ದು ಒಂದರಲ್ಲಿ 1.180 ಬಂದರೆ ಆ ಸೆಲ್ ಮೇಲೆ ಅನುಮಾನಪಡಿ. ನೀರು ಹಾಕಿದ ತಕ್ಷಣ ಅಳೆದರೆ ಲೆಕ್ಕ ತಪ್ಪುತ್ತದೆ. ನೀರಿನ್ನೂ ಆಸಿಡ್‌ನಲ್ಲಿ ಬೆರೆತಿರುವುದಿಲ್ಲ.

ನಿಜವಾದ ಅಳತೆ

ಕೆರೆಯನ್ನು ಖಾಲಿ ಮಾಡಿಯೇ ಅಳೆಯಬೇಕು. ಅದಕ್ಕೆ ಅಗ್ಗದ ಉಪಾಯ ವಾಹನದ ಬಲ್ಬು. ಕಾರಿನ ಹೆಡ್‌ಲೈಟಿನ 55 ವಾಟ್ ಮತ್ತು ಬೈಕಿನ 35 ವಾಟ್ ಬಲ್ಬು ಸಮಾಂತರವಾಗಿ ಸೇರಿಸಿದರೆ 90 ವಾಟ್, ಅಂದರೆ 12 ವೋಲ್ಟ್‌ಗೆ ಹತ್ತಿರ ಹತ್ತಿರ 7.5 ಆಂಪಿಯರ್. ವೈರಿನಲ್ಲಿ 15 ಆಂಪಿಯರ್ ಫ್ಯೂಸ್ ಇರಲಿ. ಬಲ್ಬು ಕೈ ಸುಡುವಷ್ಟು ಕಾಯುವುದರಿಂದ ಹಂಚಿನ ಮೇಲಿಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕಿಟಕಿ ತೆರೆದಿರಲಿ, ಕಿಡಿ ಹತ್ತಿರ ಸುಳಿಯದಿರಲಿ.

ಡಿಸಿ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಗಂಟೆಗೊಮ್ಮೆ ಕರೆಂಟ್ ಬರೆದುಕೊಳ್ಳಿ. ವೋಲ್ಟೇಜ್ ಬಹಳ ಹೊತ್ತು ನಿಧಾನವಾಗಿ ಇಳಿದು ಕೊನೆಯಲ್ಲಿ ದಿಢೀರನೆ ಕುಸಿಯುತ್ತದೆ. 11.5ಕ್ಕೆ ಬಂದಮೇಲೆ ಹತ್ತು ನಿಮಿಷಕ್ಕೊಮ್ಮೆ ನೋಡಿ, 10.5ಕ್ಕೆ ನಿಲ್ಲಿಸಿ. ಸರಾಸರಿ 7.2 ಆಂಪಿಯರ್‌ನಂತೆ 13 ಗಂಟೆ ಬಂದಿದ್ದರೆ 93.6 ಎಎಚ್, 150ರಲ್ಲಿ ಶೇ 62.

ಹೆಚ್ಚು ಲೋಡ್ ಹಾಕಿ ಬೇಗ ಮುಗಿಸುವ ಆತುರ ಬೇಡ. ಜರ್ಮನಿಯ ವಿಲ್ಹೆಲ್ಮ್ ಪೊಯ್ಕರ್ಟ್ 1897ರಲ್ಲೇ ತೋರಿಸಿದಂತೆ, ಕರೆಂಟ್ ಜಾಸ್ತಿ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತ ಕಡಿಮೆ. 15 ಆಂಪಿಯರ್ ಎಳೆದರೆ ಹೊಸ ಬ್ಯಾಟರಿಯೂ ಹತ್ತು ಗಂಟೆ ಬರುವುದಿಲ್ಲ.

ಫಲಿತಾಂಶ ಬಂದ ಮೇಲೆ

ದೊಡ್ಡ ಬ್ಯಾಟರಿ ಕೋಣೆಗಳಲ್ಲಿ ಶೇ 80ಕ್ಕಿಂತ ಕೆಳಗಿಳಿದರೆ ಬದಲಿಸುವುದು ರೂಢಿ. ಮನೆಯಲ್ಲಿ ಅಷ್ಟು ಬಿಗಿ ಬೇಡ; ಎರಡು ಗಂಟೆ ಕರೆಂಟ್ ಹೋಗುವ ಊರಿಗೆ ಅರ್ಧ ಸಾಮರ್ಥ್ಯವೂ ಸಾಕಾಗಬಹುದು. ಪರೀಕ್ಷೆ ಮುಗಿದ ಕೂಡಲೇ ಪೂರ್ತಿ ಚಾರ್ಜ್‌ಗೆ ಹಾಕಿ, ಇಲ್ಲವಾದರೆ ಅಳೆಯಲು ಹೋಗಿ ನೀವೇ ಹೂಳು ತುಂಬಿದಂತಾಗುತ್ತದೆ. ಬಂದ ಎಎಚ್ ಮತ್ತು ತಾರೀಕನ್ನು ಮಾರ್ಕರ್‌ನಲ್ಲಿ ಬ್ಯಾಟರಿಯ ಮೇಲೇ ಬರೆದಿಡಿ. ಮುಂದಿನ ವರ್ಷದ ಅಳತೆಗೆ ಅದೇ ಜೊತೆ.