ಮುಂಗಾರಿನ ಹೆಚ್ಚುಮಳೆಯೂ ಬೆಂಗಳೂರಿನ ಮೂಡಣ ಬಯಲೂ

ನಮ್ಮ ನಾಡಿನ ಚರಿತ್ರೆಯಲ್ಲಿ ಬರಗಾಲಗಳಿಗೆ ದೊರೆತಿರುವ ಸ್ಥಾನ ದೊಡ್ಡದು. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮವನ್ನು ಕುರಿತು ಕೇಳದವರು ವಿರಳ. ಆದರೆ ಬಿತ್ತನೆಗೆ ಮುಂಚೆಯೇ ಅತಿಯಾಗಿ ಸುರಿದು ರೈತನನ್ನು ಕೈಕಟ್ಟಿ ಕೂರಿಸಿದ ಮಳೆಯನ್ನು ಬರೆದಿಟ್ಟವರು ಕಡಮೆ. ಅದು ಒಡನೆಯೇ ಪ್ರಾಣವನ್ನು ತೆಗೆಯುವುದಿಲ್ಲ. ಬಿತ್ತುವ ದಿನವನ್ನು ಮಾತ್ರ ಕದ್ದೊಯ್ಯುತ್ತದೆ. ಅದರ ಬೆಲೆಯನ್ನು ಮನೆಯವರು ತೆರುವುದು ಸುಗ್ಗಿಯಲ್ಲಿ. ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂದು ನಗರವಾಸಿಗಳು ಕರೆಯುವ ವರ್ತೂರು, ಕಾಡುಗೋಡಿ, ಬೇಗೂರು ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ.

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಬೆದ್ದಲು ಬೇಸಾಯದಲ್ಲಿ ರಾಗಿಗೇ ಅಗ್ರಸ್ಥಾನವಿದ್ದುದನ್ನು ಕಂಡನು. ರಾಗಿಯಲ್ಲಿ ಕಾರು, ಹೈನು ಎಂದು ಎರಡು ಬಗೆ. ಅಶ್ವಿನಿ, ಭರಣಿ ಮಳೆಗಳಲ್ಲಿ ಉತ್ತು, ಕೃತ್ತಿಕೆಯ ಹೊತ್ತಿಗೆ ಬಿತ್ತುವುದು ಕಾರು. ಆರಿದ್ರೆಯ ಅನಂತರ ಬಿತ್ತುವುದು ಹೈನು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಹಳ್ಳಿಗಳಲ್ಲಿ ಉಂಟು. ಆ ಮಾತಿನಲ್ಲಿ ಹೇಳದೆ ಬಿಟ್ಟಿರುವ ಸಂಗತಿಯೊಂದಿದೆ: ಮಳೆ ಬಂದು ಬಿಡುವು ಕೊಡಬೇಕು. ಆ ಬಿಡುವಿನಲ್ಲಿ ನೆಲಕ್ಕೆ ಬರುವ ಗುಣವನ್ನೇ ನಮ್ಮ ರೈತರು 'ಹದ' ಎಂಬ ಎರಡಕ್ಷರದಲ್ಲಿ ಹೇಳಿಬಿಟ್ಟರು. ಇದಕ್ಕಿಂತ ಅಚ್ಚುಕಟ್ಟಾದ ಶಾಸ್ತ್ರೀಯ ಪದ ನಮಗೆ ತಿಳಿಯದು.

ಬಿಡುವಿಲ್ಲದೆ ನಾಲ್ಕು ದಿನ ಸುರಿದರೆ ಎತ್ತಿನ ಗೊರಸು ಹೂತುಹೋಗುತ್ತದೆ, ಕೂರಿಗೆಯ ತಾಳುಗಳಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಮೊದಲೇ ಬಿತ್ತಿದ್ದವರ ಪಾಡು ಇನ್ನೂ ಕಷ್ಟ. ತಗ್ಗಿನಲ್ಲಿ ಬೀಜ ಕೊಳೆಯುವುದು. ದಿಣ್ಣೆಯಲ್ಲಿ ಬಿಸಿಲು ಬಿದ್ದೊಡನೆ ಕೆಮ್ಮಣ್ಣಿನ ಮೇಲುಪದರ ಹೆಪ್ಪಳೆಯಂತೆ ಬಿಗಿದು, ಎಳೆಯ ಮೊಳಕೆ ಅದನ್ನು ಸೀಳಿ ಬರಲಾರದೆ ಸಾಯುವುದು. ಎರಡನೆಯ ಸಲ ಬಿತ್ತಲು ಉಣ್ಣುವ ಕಾಳಿನಿಂದಲೇ ತೆಗೆಯಬೇಕು. ತಡವಾಗಿ ಬಿತ್ತಿದ ಕಾರುರಾಗಿ ಬಲಿಯುವ ಕಾಲಕ್ಕೆ, ಬೆಂಗಳೂರಿನಲ್ಲಿ ವರ್ಷದ ಅತಿಹೆಚ್ಚು ಮಳೆ ಬೀಳುವ ಸೆಪ್ಟೆಂಬರ್-ಅಕ್ಟೋಬರ್ ಎದುರಾಗುತ್ತದೆ. ಆದಕಾರಣ ಅನೇಕರು ಕಾರಿನ ಆಸೆಯನ್ನೇ ಬಿಟ್ಟು, ಕಳೆ ಬೆಳೆದ ಹೊಲವನ್ನು ಮತ್ತೆ ಉತ್ತು, ಹೈನಿಗಾಗಿ ಕಾದಿರುತ್ತಿದ್ದರು.

ಈ ಹೆಚ್ಚುನೀರಿಗೆ ಹಿರಿಯರು ಮಾಡಿದ್ದ ಏರ್ಪಾಡೇ ಕೆರೆಯ ಸಾಲು. ಅಗರದ ಒಂಬತ್ತನೆಯ ಶತಮಾನದ ಶಾಸನವೊಂದು ಎರಡು ಕೆರೆಗಳಿಗೆ ತೂಬಿಡಿಸಿ ಮೂರನೆಯದನ್ನು ಕಟ್ಟಿಸಿದುದನ್ನು ಹೇಳುತ್ತದೆ. ಕಾಡುಗೋಡಿಯ ಚೋಳರ ಕಾಲದ ಶಾಸನದಲ್ಲಿ ಪಟ್ಟಂದೂರು ಕೆರೆಯ ನಿರ್ಮಾಣದ ಪ್ರಸ್ತಾಪವಿದೆ. ಮೇಲಿನ ಕೆರೆ ಕೋಡಿಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ; ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆದರೆ ಇದರ ಮರ್ಮ ಏರಿಯಲ್ಲಿಲ್ಲ, ಬೇಸಗೆಯಲ್ಲಿದೆ. ಗದ್ದೆಗಳಿಗೆ ನೀರು ಬಿಟ್ಟುಬಿಟ್ಟು ಚೈತ್ರದ ಹೊತ್ತಿಗೆ ಕೆರೆ ಬಹುಮಟ್ಟಿಗೆ ಬತ್ತುತ್ತಿತ್ತು. ರೈತರು ಗೋಡನ್ನು ಹೊಲಕ್ಕೆ ಸಾಗಿಸಿ ತಳವನ್ನು ಆಳಮಾಡುತ್ತಿದ್ದರು. ಮುಂಗಾರಿನ ರಭಸವೆಲ್ಲ ಬರಿದಾದ ಕೆರೆಗೆ ಬಂದು ಬೀಳುತ್ತಿತ್ತು. ಮುಂದೆ ನಗರದ ಕೊಳಚೆನೀರು ವರ್ಷವೆಲ್ಲ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಶಕಗಳ ಕಾಲ ತುಂಬಿಯೇ ಇಟ್ಟಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತಾಯಿತು ಮುಂಗಾರಿನ ಕಥೆ.

ಬಯಲಿನ ರೂಪ ಬದಲಾದುದು ಮೆಲ್ಲಮೆಲ್ಲನೆ. 1882ರಲ್ಲಿ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ದೊರೆತ ಸುಮಾರು 3,900 ಎಕರೆಗಳಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ವೈಟ್‌ಫೀಲ್ಡ್ ಸಹ ಬೇಸಾಯದ ವಸಾಹತೇ ಆಗಬೇಕೆಂಬುದು ಸಂಕಲ್ಪ. ಪೀಣ್ಯ ದಿಣ್ಣೆಯ ಮೇಲಿನ ಊರು, ಅದರ ಕಥೆ ಬೇರೆ. ಕೋನಪ್ಪನ ಅಗ್ರಹಾರ, ದೊಡ್ಡತೊಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ತಲೆಯೆತ್ತಿತು. 1990ರ ದಶಕದಲ್ಲಿ ಐಟಿಪಿಎಲ್ ನಿಂತುದು ಮತ್ತೆಲ್ಲಿಯೂ ಅಲ್ಲ, ಶಾಸನದ ಆ ಪಟ್ಟಂದೂರಿನ ಅಗ್ರಹಾರದಲ್ಲಿ!

2025ರ ಮೇ ತಿಂಗಳಿನಲ್ಲಿ ರಾಜ್ಯದಲ್ಲಿ ವಾಡಿಕೆಯ 74 ಮಿಲಿಮೀಟರಿನ ಎದುರು 219 ಮಿಲಿಮೀಟರ್ ಮಳೆಯಾಯಿತು. ಆ ತಿಂಗಳ 18ರ ರಾತ್ರಿ ಬೆಂಗಳೂರಿನಲ್ಲಿ 100 ಮಿಲಿಮೀಟರಿಗೂ ಮೇಲ್ಪಟ್ಟು ಸುರಿಯಿತು. ಪಂಚಾಂಗದ ಪ್ರಕಾರ ಅದು ಕೃತ್ತಿಕೆ, ಕಾರುರಾಗಿಯ ಬಿತ್ತನೆಯ ಮಳೆ. ಮಹದೇವಪುರದಲ್ಲಿ ಕಚೇರಿಯೊಂದರ ಕಾಂಪೌಂಡು ಗೋಡೆ ಕುಸಿದು ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ತೀರಿಕೊಂಡಳು. ಹೆಚ್ಚುಮಳೆ ಒಡನೆಯೇ ಪ್ರಾಣ ತೆಗೆಯುವುದಿಲ್ಲವೆಂದು ಮೊದಲಲ್ಲಿ ಹೇಳಿದೆವಲ್ಲವೆ? ಅದು ಹೊಲದ ಮಾತು. ಗೋಡೆಗಳ ಊರಿಗೆ ಅನ್ವಯಿಸದು.

ಆನೇಕಲ್ಲು, ಹೊಸಕೋಟೆಗಳ ಕಡೆ ಇಂದಿಗೂ ರಾಗಿ ಬಿತ್ತುವವರಿದ್ದಾರೆ. ಮೋಡ ಬಿಚ್ಚಿ ನೆಲ ಹದಕ್ಕೆ ಬರುವುದನ್ನು ಕಾಯುವವರು ಈಗ ಅವರೇ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಗಳ ಬಡಾವಣೆಗಳು ಮುಳುಗಿದಾಗ ಅಲ್ಲಿಯ ಕಂಪ್ಯೂಟರ್ ಉದ್ಯೋಗಿಗಳನ್ನು ಎದೆಮಟ್ಟದ ನೀರಿನಿಂದ ದಾಟಿಸಿದ್ದು ದೋಣಿಗಳು. ಮತ್ತೆ, ಉಳುವ ಟ್ರ್ಯಾಕ್ಟರುಗಳು.