ಹೆಗಲ ನೋವಿಗೆ ಯಂತ್ರವೋ, ರಬ್ಬರ್ ಪಟ್ಟಿಯೋ?

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಅದರ ಮೈಮೇಲೆ ಗುಳಿ ಬೀಳುತ್ತದೆ. ಆ ಪೆಟ್ಟಿನಿಂದ ಹುಟ್ಟುವ ಆಘಾತ ತರಂಗ ಲೋಹದೊಳಕ್ಕೂ ಇಳಿಯುತ್ತದೆ. ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿಯವರು ಈ ಕಾಟವನ್ನು ಅಭ್ಯಾಸ ಮಾಡುತ್ತಿದ್ದಾಗಲೇ, ಇದೇ ತರಂಗದಿಂದ ದೇಹದೊಳಗಿನ ಗಟ್ಟಿ ವಸ್ತುವನ್ನು ಒಡೆಯಬಹುದಲ್ಲವೇ ಎಂಬ ಯೋಚನೆ ಮೊಳೆಯಿತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನ ಕ್ರಿಶ್ಚಿಯನ್ ಶೋಸಿ ಮತ್ತು ಅವರ ತಂಡದವರು ರೋಗಿಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಚಾಕು ಮುಟ್ಟದೆ ಮೂತ್ರಪಿಂಡದ ಕಲ್ಲನ್ನು ಪುಡಿಮಾಡಿದರು. ಇಂದು ಕತ್ತು ಹಿಡಿದುಕೊಂಡು ಫಿಸಿಯೋಥೆರಪಿಗೆ ಹೋದವರ ಹೆಗಲಿಗೆ ಟಕಟಕನೆ ಬಡಿಯುವ ಉಪಕರಣ ಆ ಯಂತ್ರದ ದೂರದ ಸಂಬಂಧಿ.

ಕಲ್ಲಿನಿಂದ ಮೂಳೆಗೆ ಬಂದದ್ದು ಬಹುಮಟ್ಟಿಗೆ ಆಕಸ್ಮಿಕ. ತರಂಗದಿಂದ ಅಕ್ಕಪಕ್ಕದ ಮೂಳೆಗೆ ಹಾನಿಯಾದೀತೇ ಎಂದು ಪ್ರಾಣಿಗಳಲ್ಲಿ ಪರೀಕ್ಷಿಸಿದವರಿಗೆ ಹೊಸ ಮೂಳೆ ಬೆಳೆದದ್ದು ಕಂಡಿತು. 1991ರಲ್ಲಿ ಬಲ್ಗೇರಿಯಾದ ವೈದ್ಯರು, ಕೂಡಿಕೊಳ್ಳದೆ ಸತಾಯಿಸುತ್ತಿದ್ದ ಮೂಳೆಮುರಿತಗಳಿಗೆ ಇದನ್ನು ಬಳಸಿದ ವರದಿ ಪ್ರಕಟಿಸಿದರು. ಮುಂದೆ ಭುಜದ ಸರದಿ. ಕೆಲವರ ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣದಂಥ ಕ್ಯಾಲ್ಸಿಯಂ ಗಡ್ಡೆಕಟ್ಟುತ್ತದೆ. ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಇಂಥ 144 ಜನರ ಮೇಲೆ ನಡೆದ ಜರ್ಮನ್ ನೇತೃತ್ವದ ಅಧ್ಯಯನ 2003ರಲ್ಲಿ ಹೊರಬಂತು. ನಿಜವಾದ ತರಂಗ ಪಡೆದವರು ಸುಳ್ಳು ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಸುಧಾರಿಸಿದ್ದರು, ಹೆಚ್ಚು ಶಕ್ತಿಯ ತರಂಗ ಪಡೆದವರಂತೂ ಇನ್ನೂ ಚೆನ್ನಾಗಿ. ಒಡೆಯಲು ಒಂದು ಗುರಿ ಇದ್ದಷ್ಟು ಕಾಲ ಯಂತ್ರ ತನ್ನ ಮಾತು ಉಳಿಸಿಕೊಂಡಿತು ಎನ್ನಬಹುದು.

ತೊಡಕು ಶುರುವಾದದ್ದು ಗುರಿ ಮಸುಕಾದಾಗ. 1990ರ ದಶಕದ ಕೊನೆಗೆ ಅಗ್ಗದ, ಹಗುರವಾದ ‘ರೇಡಿಯಲ್’ ಯಂತ್ರಗಳು ಬಂದವು. ಇದರಲ್ಲಿ ಗಾಳಿಯ ಒತ್ತಡ ಪುಟ್ಟ ಲೋಹದ ತುಂಡನ್ನು ನಳಿಗೆಯೊಳಗೆ ತಳ್ಳಿ ತುದಿಗೆ ಬಡಿಸುತ್ತದೆ. ಆ ಒತ್ತಡ ಚರ್ಮದ ಬಳಿ ಜೋರಾಗಿದ್ದು, ಒಳಗಿಳಿದಂತೆ ಕರಗುತ್ತದೆ. ಭೌತವಿಜ್ಞಾನದ ಲೆಕ್ಕದಲ್ಲಿ ಇದು ನಿಜವಾದ ಆಘಾತ ತರಂಗವೇ ಅಲ್ಲ. (ಹಲವರು ಅಂದುಕೊಳ್ಳುವಂತೆ ಕರೆಂಟ್ ಕೊಡುವ ಚಿಕಿತ್ಸೆಯೂ ಅಲ್ಲ.) ಒಡೆಯುವ ಮಾತು ಹಿಂದೆ ಸರಿದು, ರಕ್ತನಾಳ ಚಿಗುರುತ್ತದೆ, ನೋವಿನ ನರ ಮಂಕಾಗುತ್ತದೆ ಎಂಬ ವಿವರಣೆಗಳು ಮುಂದೆ ಬಂದವು.

ಓಸ್ಲೋದ ವೈದ್ಯರು ಈ ಯಂತ್ರವನ್ನು ವ್ಯಾಯಾಮದ ಎದುರಿಗೇ ನಿಲ್ಲಿಸಿದರು. ಭುಜನೋವಿನ 104 ರೋಗಿಗಳಲ್ಲಿ ಅರ್ಧ ಜನರಿಗೆ ರೇಡಿಯಲ್ ಚಿಕಿತ್ಸೆ, ಉಳಿದವರಿಗೆ ಫಿಸಿಯೋ ಕಣ್ಗಾವಲಿನಲ್ಲಿ ವ್ಯಾಯಾಮ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹದಿನೆಂಟು ವಾರಗಳ ನಂತರ ವ್ಯಾಯಾಮದ ಗುಂಪು ಮುಂದಿತ್ತು. ಹಾಗಾದರೆ ಎರಡನ್ನೂ ಕೂಡಿಸಿದರೆ? 2017ರಲ್ಲಿ ಬಂದ, 143 ಜನರ ಇನ್ನೊಂದು ನಾರ್ವೆ ಅಧ್ಯಯನದಲ್ಲಿ ಎಲ್ಲರೂ ವ್ಯಾಯಾಮ ಮಾಡಿದರು. ಕೆಲವರಿಗೆ ನಿಜ ತರಂಗ, ಕೆಲವರಿಗೆ ಸುಳ್ಳು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. 32 ಪ್ರಯೋಗಗಳನ್ನು ಜಾಲಾಡಿದ 2020ರ ಕಾಕ್ರೇನ್ ಸಮೀಕ್ಷೆಯೂ ರೋಗಿಗೆ ಗೊತ್ತಾಗುವಷ್ಟು ಲಾಭ ಬಹಳ ಕಡಿಮೆ ಎಂದೇ ಹೇಳಿತು.

ಇನ್ನು ಕತ್ತಿನಿಂದ ಹೆಗಲಿಗೆ ಇಳಿಯುವ ಟ್ರೆಪೀಜಿಯಸ್ ಸ್ನಾಯುವಿನ ಗಂಟುಗಳ ಮೇಲೆ ಈ ಯಂತ್ರದ ಪ್ರಯೋಗಗಳು ಹೆಚ್ಚಾಗಿ ಸಣ್ಣವು. ರೋಗಿಗಳನ್ನು ಕೆಲವೇ ವಾರ ಗಮನಿಸಿದವು. ತಾತ್ಕಾಲಿಕ ಆರಾಮ ಸಿಗುವುದುಂಟು. ಅದಕ್ಕಿಂತ ದೊಡ್ಡ ಭರವಸೆ ಕೊಡುವವರನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಇತ್ತ ವ್ಯಾಯಾಮದ ಕಥೆ ಸದ್ದಿಲ್ಲದೆ ಬೆಳೆಯಿತು. ಕತ್ತಿಗೆ ಪಟ್ಟಿ ಕಟ್ಟಿ ವಿಶ್ರಾಂತಿ ಹೇಳುತ್ತಿದ್ದ ಕಾಲವೊಂದಿತ್ತು. 2003ರಲ್ಲಿ ಫಿನ್ಲೆಂಡಿನ ಯುಲಿನೆನ್ ತಂಡ ಕಚೇರಿ ಕೆಲಸದ 180 ಮಹಿಳೆಯರ ಒಂದು ವರ್ಷದ ಅಧ್ಯಯನ ಪ್ರಕಟಿಸಿತು. ಕತ್ತಿನ ಬಲ ಇಲ್ಲವೇ ತಾಳಿಕೆ ಹೆಚ್ಚಿಸುವ ವ್ಯಾಯಾಮವನ್ನು ಮನೆಯಲ್ಲಿ ಮಾಡಿದವರ ನೋವು, ಬರೀ ಮೈ ಚಾಚುವ ವ್ಯಾಯಾಮ ಮತ್ತು ನಡಿಗೆಯಂಥವನ್ನು ಮಾಡಿದವರದಕ್ಕಿಂತ ಬಹಳ ಇಳಿದಿತ್ತು. 2008ರಲ್ಲಿ ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ ಮತ್ತು ಸಂಗಡಿಗರು ವಾರಕ್ಕೆ ಮೂರು ಸಲ, ಇಪ್ಪತ್ತು ನಿಮಿಷದಂತೆ ಹತ್ತು ವಾರ ಹೆಗಲಿಗೆ ಡಂಬೆಲ್ ಕೆಲಸ ಕೊಟ್ಟರು, ನೋವು ತಗ್ಗಿತು. ಸೈಕಲ್ ತುಳಿದವರಿಗೆ ಸಿಕ್ಕಿದ್ದು ತುಳಿದ ಗಳಿಗೆಯ ಸಣ್ಣ ಆರಾಮ ಮಾತ್ರ. 2011ರ ಅಧ್ಯಯನದಲ್ಲಿ ಅದೇ ತಂಡ ಪ್ರಮಾಣವನ್ನು ಮತ್ತೂ ಇಳಿಸಿತು: 198 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ ಎರಡು ನಿಮಿಷ, ಇನ್ನೊಂದಕ್ಕೆ ಹನ್ನೆರಡು, ವಾರಕ್ಕೆ ಐದು ದಿನ. ಎರಡೂ ಗುಂಪುಗಳ ನೋವು ಇಳಿಯಿತು.

ಆ ಅಧ್ಯಯನದ ವ್ಯಾಯಾಮ ಎಂದರೆ ಇಷ್ಟೇ: ರಬ್ಬರ್ ಪಟ್ಟಿಯ ನಡುವನ್ನು ಪಾದದಡಿ ಮೆಟ್ಟಿ, ತುದಿಗಳನ್ನು ಹಿಡಿದು, ಮೊಣಕೈ ತುಸು ಮಡಿಸಿ, ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ ನಿಧಾನ ಇಳಿಸುವುದು. ಮೊದಲು ಫಿಸಿಯೋ ಒಬ್ಬರಿಂದ ಕಲಿತರೆ ಒಳ್ಳೆಯದು. ಪಟ್ಟಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಯಂತ್ರಕ್ಕೆ ಸಿಟ್ಟಿಂಗ್ ಲೆಕ್ಕ. ಜಾಹೀರಾತು ಯಾವುದಕ್ಕೆ ಜಾಸ್ತಿ ಎಂದು ಆಶ್ಚರ್ಯಪಡಬೇಕಿಲ್ಲ.

ಭುಜದಲ್ಲಿ ಕ್ಯಾಲ್ಸಿಯಂ ಇದ್ದರೆ ಯಂತ್ರದ ಬಗ್ಗೆ ವೈದ್ಯರನ್ನು ಕೇಳಬಹುದು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಬೇಕು. ಕ್ಯಾನ್ಸರ್ ಗಡ್ಡೆಯಿರುವ ಜಾಗಕ್ಕೆ, ಶ್ವಾಸಕೋಶದತ್ತ ಯಂತ್ರವನ್ನು ಗುರಿಯಿಡುವಂತಿಲ್ಲ. ಕತ್ತುನೋವಿನ ಜೊತೆಗೆ ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿತ ಸಡಿಲವಾದರೆ, ನಡಿಗೆ ತಪ್ಪುತ್ತಿದ್ದರೆ, ಜ್ವರವೋ ತೂಕ ಇಳಿಕೆಯೋ ಕಂಡರೆ ಪಟ್ಟಿಯನ್ನೂ ಯಂತ್ರವನ್ನೂ ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಬೇಕು.