ಚೇಂಜ್‌ಲಾಗ್: ತಂತ್ರಾಂಶದ ಕೀರ್ದಿ ಪುಸ್ತಕ

ಹಲವು ಕೈಗಳು ಸೇರಿ ರೂಪಿಸುವ ತಂತ್ರಾಂಶದಲ್ಲಿ ಯಾವ ಆವೃತ್ತಿಯಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು, ಬದಲಿಸಿದವರು ಯಾರು ಎಂಬುದನ್ನು ದಾಖಲಿಸುವ ಕಡತಕ್ಕೆ ಚೇಂಜ್‌ಲಾಗ್ ಎಂದು ಹೆಸರು. ಅಂಗಡಿಯ ಕೀರ್ದಿ ಪುಸ್ತಕದಂತೆಯೇ ಇದು. ಆದರೆ ಇಲ್ಲಿ ಹೊಸ ನಮೂದು ಮೇಲೆ, ಹಳೆಯದು ಕೆಳಗೆ.

ಈ ಶಿಸ್ತಿಗೆ ಉತ್ತಮ ನಿದರ್ಶನ, 1993ರಲ್ಲಿ ಆರಂಭವಾಗಿ ಸ್ವಯಂಸೇವಕರಿಂದಲೇ ನಡೆಯುತ್ತಿರುವ ಡೆಬಿಯನ್ ಯೋಜನೆ. ಅಲ್ಲಿ ಪ್ರತಿ ಪ್ಯಾಕೇಜಿಗೂ ಚೇಂಜ್‌ಲಾಗ್ ಕಡ್ಡಾಯ. ಮೊದಲ ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ವಿತರಣೆ, ತುರ್ತಿನ ಮಟ್ಟ. ನಡುವೆ ನಕ್ಷತ್ರಚಿಹ್ನೆಯೊಂದಿಗೆ ಬದಲಾವಣೆಗಳು. ಕೊನೆಗೆ ನಿರ್ವಾಹಕರ ಹೆಸರು, ಇ-ಮೇಲ್ ವಿಳಾಸ ಹಾಗೂ ದಿನಾಂಕ. ಇದು ಬರಿಯ ಅಲಂಕಾರವಲ್ಲ. ಪ್ಯಾಕೇಜ್ ಸಿದ್ಧಪಡಿಸುವ ಉಪಕರಣಗಳು ಆವೃತ್ತಿ ಸಂಖ್ಯೆಯನ್ನು ಈ ಕಡತದಿಂದಲೇ ಓದಿಕೊಳ್ಳುತ್ತವೆ. ದೋಷದ ಸಂಖ್ಯೆಯನ್ನು ನಿಗದಿತ ರೀತಿಯಲ್ಲಿ ನಮೂದಿಸಿದರೆ, ಪ್ಯಾಕೇಜ್ ಭಂಡಾರ ಸೇರಿದೊಡನೆ ಆ ದೂರು ತಾನಾಗಿಯೇ ಮುಕ್ತಾಯಗೊಳ್ಳುತ್ತದೆ.

ಆದರೆ ಬರೆದಿಟ್ಟ ಮಾತ್ರಕ್ಕೆ ಅನಾಹುತ ತಪ್ಪದು. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ದೋಷ ಹುಡುಕುವ ವಾಲ್‌ಗ್ರಿಂಡ್ ಉಪಕರಣದ ಎಚ್ಚರಿಕೆಗಳನ್ನು ನಿವಾರಿಸಲೆಂದು ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ಭಾಗವನ್ನು ಬದಲಿಸಲಾಯಿತು. ಚೇಂಜ್‌ಲಾಗ್‌ನಲ್ಲಿ ದೋಷದ ಸಂಖ್ಯೆ ಸಮೇತ ಅದು ದಾಖಲಾಗಿತ್ತು ಕೂಡ. ಆರಂಭಿಕ ಮೌಲ್ಯ ನೀಡದ ದತ್ತಾಂಶವನ್ನು ಸೇರಿಸುವುದನ್ನು ನಿಲ್ಲಿಸಲಾಗಿದೆ ಎಂಬುದಷ್ಟೇ ಆ ನಮೂದಿನ ತಾತ್ಪರ್ಯ. ವಾಸ್ತವದಲ್ಲಿ ಬಹುತೇಕ ಎಲ್ಲ ಅನಿಶ್ಚಿತತೆಯ ಮೂಲಗಳೂ ನಿಂತುಹೋಗಿದ್ದವು. ಉಳಿದದ್ದು ಪ್ರಕ್ರಿಯೆಯ ಗುರುತಿನ ಸಂಖ್ಯೆಯೊಂದೇ. ಅದರ ಗರಿಷ್ಠ ಮಿತಿ ಸಾಮಾನ್ಯವಾಗಿ 32,768. ಅಂದರೆ ಗೂಢಲಿಪಿಯ ಕೀಲಿಗಳನ್ನು ಒಂದೊಂದಾಗಿ ಊಹಿಸಿ ಪತ್ತೆಹಚ್ಚುವುದು ಸಾಧಾರಣ ಗಣಕಕ್ಕೂ ಸಾಧ್ಯವಿತ್ತು.

ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚಿ, ಡೆಬಿಯನ್ ಎಚ್ಚರಿಕೆ ಹೊರಡಿಸಿದ್ದು 2008ರ ಮೇ 13ರಂದು. ದೋಷಪೂರಿತವಾದ ಮೊದಲ ಆವೃತ್ತಿ ಯಾವುದು, ಅದು ಭಂಡಾರ ಸೇರಿದ್ದು 2006ರ ಸೆಪ್ಟೆಂಬರ್ 17ರಂದು ಎಂಬುದನ್ನೂ ಅದು ತಿಳಿಸಿತು. ಆವೃತ್ತಿವಾರು ದಾಖಲೆಯಿಲ್ಲದ ಯೋಜನೆಯಲ್ಲಿ ಇಷ್ಟು ಖಚಿತವಾಗಿ ಹೇಳುವುದು ಕಷ್ಟ. ಯಾವ ಕೀಲಿಗಳನ್ನು ಬಿಸಾಡಬೇಕು ಎಂಬುದು ಆ ದಿನಾಂಕವನ್ನೇ ಅವಲಂಬಿಸಿತ್ತು.

ಎಲ್ಲರೂ ಒಂದೇ ಕಡತದ ತಲೆಯ ಮೇಲೆ ಬರೆಯುವುದರಿಂದ ಇಬ್ಬರ ನಮೂದುಗಳು ಪರಸ್ಪರ ಡಿಕ್ಕಿ ಹೊಡೆಯುವುದು ಇನ್ನೊಂದು ತಲೆನೋವು. ಜಿಸಿಸಿ ಕಂಪೈಲರ್ ಯೋಜನೆಯು 2020ರಲ್ಲಿ ಗಿಟ್ ವ್ಯವಸ್ಥೆಗೆ ಬಂದ ಬಳಿಕ ಇದಕ್ಕೆ ಪರಿಹಾರ ಕಂಡುಕೊಂಡಿತು. ಅಭಿವೃದ್ಧಿಕಾರರು ನಮೂದನ್ನು ಕಮಿಟ್ ಸಂದೇಶದಲ್ಲೇ ಬರೆಯುತ್ತಾರೆ. ಚೇಂಜ್‌ಲಾಗ್ ಕಡತವನ್ನು ಯಂತ್ರವೇ ಪ್ರತಿದಿನ ನವೀಕರಿಸುತ್ತದೆ. ನಮೂದಿನ ಸ್ವರೂಪ ತಪ್ಪಿದ್ದರೆ ಕಮಿಟ್ ಒಳಗೇ ಸೇರದು.